ಬಣ್ಣ ಕಳಚಿದ ಸೈಕಲ್ಲಿಗೆ ಏನು ಹಚ್ಚಬೇಕು? ಕಲಬುರಗಿಯ ಮಳೆಗಾಲದಲ್ಲಿ ಕ್ಲಿಯರ್ ಕೋಟ್, ಎಣ್ಣೆ-ಮೇಣ, ನಿಕಲ್

ಅಪ್ಪನ ಕರಿ ಸೈಕಲ್ಲಿನ ಬಣ್ಣ ಇಳಿಸಿ ಬರೀ ಉಕ್ಕು ಕಾಣುವಂತೆ ಇಡಬೇಕು ಅಂದಾಗ, ಸ್ಟೇಷನ್ ಬಜಾರಿನ ಕಡೆ ರಿಪೇರಿ ಅಂಗಡಿ ಇಟ್ಟ ಉಸ್ತಾದರು ಟ್ಯೂಬಿಗೆ ಪ್ಯಾಚ್ ಒತ್ತುತ್ತಲೇ, ತಲೆ ಎತ್ತದೆ ಕೇಳಿದರು: "ಯಾಕ್ರಿ ಸರ, ಬಣ್ಣಕ್ಕ ರೊಕ್ಕ ಇಲ್ಲೇನು?" ಆಗ ನಕ್ಕಿದ್ದೆ. ಮೂರು ಮಳೆಗಾಲ ಕಳೆದ ಮೇಲೆ ಆ ಮಾತಿನಲ್ಲಿ ಅರ್ಧ ನಿಜ ಇತ್ತು ಅನಿಸುತ್ತದೆ. ಬಣ್ಣಕ್ಕೆ ಒಮ್ಮೆ ರೊಕ್ಕ ಕೊಟ್ಟರೆ ಮುಗಿಯಿತು. ಬರೀ ಉಕ್ಕಿಗೆ ಕಂತು ಕಟ್ಟುತ್ತಲೇ ಇರಬೇಕು, ಅದೂ ನಿಮ್ಮ ಭಾನುವಾರಗಳಲ್ಲಿ.

ಹಾಗಂತ ಬೇಡ ಅನ್ನುತ್ತಿಲ್ಲ. ನಮ್ಮ ಕಡೆ ಮನೆಯ ಮೂಲೆಯಲ್ಲಿ ನಿಂತಿರುವ ಹಳೆಯ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ಲುಗಳ ಫ್ರೇಮು ಲಗ್ (ಪೈಪುಗಳ ತುದಿ ಕೂರುವ ಉಕ್ಕಿನ ಜೋಡಣೆ ತುಂಡು) ಕೂರಿಸಿ ಹಿತ್ತಾಳೆಯಿಂದ ಬೆಸೆದದ್ದು. ದಪ್ಪ ಕರಿ ಎನಾಮಲ್ಲಿನ ಕೆಳಗೆ ಆ ಕೆಲಸವೆಲ್ಲ ಮುಚ್ಚಿಹೋಗಿರುತ್ತದೆ. ಬಣ್ಣ ಇಳಿದ ದಿನ ನೋಡಬೇಕು: ಬೂದು ಪೈಪು, ಒಂದೊಂದು ಜೋಡಣೆಯ ಅಂಚಿಗೂ ಬಂಗಾರದ ಎಳೆಯಂತೆ ಹಿತ್ತಾಳೆಯ ಗೆರೆ, ಬೆಸೆದವನು ಕಾನಸು ಆಡಿಸಿದ ಗುರುತು. ಅದನ್ನು ಮತ್ತೆ ಬಣ್ಣದಡಿ ಹೂಳಲು ಮನಸ್ಸು ಬರುವುದಿಲ್ಲ. ಅಲ್ಲಿಂದಲೇ ತಾಪತ್ರಯ ಶುರು.

ಯಾವುದನ್ನು ಹಚ್ಚಬೇಕು ಅಂತ ಕೇಳುವವರೆಲ್ಲ ಯಾವುದು ಹೆಚ್ಚು ಹೊಳೆಯುತ್ತದೆ ಅಂತಲೇ ಮೊದಲು ಕೇಳುತ್ತಾರೆ. ನಾನು ಈಗ ಬೇರೆಯದನ್ನು ಕೇಳುತ್ತೇನೆ: ಜಂಗು ಹಿಡಿದಾಗ ನಿಮ್ಮ ಕೈ ಅದಕ್ಕೆ ತಾಗುತ್ತದೋ ಇಲ್ಲವೋ? ಯಾಕೆಂದರೆ ಜಂಗು ಹಿಡಿಯುವುದಂತೂ ಖರೆ.

ನಮ್ಮ ಊರಿನ ಹವೆ ಇದರಲ್ಲಿ ಸಣ್ಣ ಮೋಸ ಮಾಡುತ್ತದೆ. ಫೆಬ್ರವರಿಯಿಂದ ಮೇ ತನಕ ಕಲಬುರಗಿಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಬರೀ ಉಕ್ಕನ್ನು ನೆರಳಿನಲ್ಲಿ ಸುಮ್ಮನೆ ಇಟ್ಟರೂ ವಾರಗಟ್ಟಲೆ ಮಿರಿಮಿರಿ ಇರುತ್ತದೆ. ಬೇಸಿಗೆ ರಜೆಯಲ್ಲಿ ಕೆಲಸ ಮುಗಿಸಿದವರು "ನಮ್ಮ ಕಡೆ ಜಂಗು ಹಿಡಿಯಂಗಿಲ್ಲ ಬಿಡ್ರಿ" ಅಂದುಬಿಡುತ್ತಾರೆ. ಗಾಳಿಯ ತೇವ ಸುಮಾರು ಶೇ 60 ದಾಟಿದ ಮೇಲೆ ಕಬ್ಬಿಣಕ್ಕೆ ಜಂಗು ಏರುವ ವೇಗವೇ ಬೇರೆ. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮಲ್ಲೂ ಅಷ್ಟು ತೇವ ಇದ್ದೇ ಇರುತ್ತದೆ. ಸೆಪ್ಟೆಂಬರಿನ ಜಡಿಮಳೆಯಲ್ಲಿ ಉಪ್ಪಿನ ಡಬ್ಬಿಯೇ ಒದ್ದೆಯಾಗುತ್ತದೆ, ಇನ್ನು ಸೈಕಲ್ಲು ಯಾವ ಲೆಕ್ಕ.

ಅದರ ಮೇಲೆ ಎರೆ ಮಣ್ಣು. ಮಳೆ ನಿಂತ ಮೇಲೆ ಜೇವರ್ಗಿ ದಾರಿಯಲ್ಲಿ ಹೊಲದ ಬದಿಗೆ ಒಂದು ಸುತ್ತು ಹೊಡೆದು ಬನ್ನಿ, ಹಿಂದಿನ ಗಾಲಿಯ ಎರಡೂ ಕಡೆಯ ಕೆಳಪೈಪಿಗೆ, ಪೆಡಲ್ ಅಚ್ಚು ಕೂರುವ ಗೂಡಿನ ಹಿಂಬದಿಗೆ ಆ ಮಣ್ಣು ರೊಟ್ಟಿ ತಟ್ಟಿದ ಹಾಗೆ ಕೂತಿರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಪದರ ದಿನಗಟ್ಟಲೆ ನೀರು ಹಿಡಿದಿರುತ್ತದೆ. ಬೀದರಿನ ಕೆಂಪು ಮಣ್ಣು ಈ ವಿಷಯದಲ್ಲಿ ಸ್ವಲ್ಪ ಸಭ್ಯ, ಒಣಗಿದರೆ ಉದುರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಬದಲು ಬೆವರು: ಹ್ಯಾಂಡಲ್ಲಿನಿಂದ, ಗದ್ದದಿಂದ ಮೇಲಿನ ಪೈಪಿನ ಮೇಲೆ ಹನಿಯುವ ಉಪ್ಪುನೀರು. ನನ್ನ ಸೈಕಲ್ಲಿಗೆ ಮೊದಲ ಚುಕ್ಕಿ ಬಿದ್ದದ್ದು ಮಳೆಯಿಂದಲ್ಲ, ಏಪ್ರಿಲ್‌ನಲ್ಲಿ ಬೆವರಿನಿಂದ.

ಆ ಚೆಂದದ ಹಿತ್ತಾಳೆ ಗೆರೆಯ ಬಗ್ಗೆಯೂ ಒಂದು ಮಾತು. ಎರಡು ಲೋಹಗಳು ಒಂದಕ್ಕೊಂದು ಅಂಟಿಕೊಂಡು ಮೇಲೆ ಉಪ್ಪಿನ ತೇವ ಬಿದ್ದರೆ ಅಲ್ಲಿ ಬ್ಯಾಟರಿಯೊಳಗೆ ನಡೆಯುವುದೇ ಸಣ್ಣದಾಗಿ ನಡೆಯುತ್ತದೆ. ಅದರಲ್ಲಿ ಕರಗುವುದು ಉಕ್ಕು, ಉಳಿಯುವುದು ಹಿತ್ತಾಳೆ. ಲಗ್ಗಿನ ಅಂಚಿನಲ್ಲೇ ಜಂಗು ಮೊದಲು ಕಾಣುವುದು ಇದಕ್ಕೇ. ಏನು ಹಚ್ಚಿದರೂ ಆ ಅಂಚಿಗೆ ಒಂದು ಕೈ ಹೆಚ್ಚು.

ಬಣ್ಣ ಇಳಿಸುವಾಗಲೇ ಅರ್ಧ ತೀರ್ಮಾನ

ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುವುದು, ಮಾಡಿಸಿದರೆ ಅರ್ಧ ಗಂಟೆಯಲ್ಲಿ ಫ್ರೇಮು ಮೂಲೆಮೂಲೆಯೂ ಸ್ವಚ್ಛ. ಆದರೆ ಮೈ ಒರಟಾಗಿ, ಸೀಮೆಸುಣ್ಣದಂತೆ ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆಯೂ ಮಂಕು, ಕಾನಸಿನ ಗುರುತೂ ಮಾಯ. ಆ ಒರಟು ಮೈ ಕೋಟಿಂಗಿಗೆ ಹಿಡಿತ ಕೊಡುತ್ತದೆ, ಎಣ್ಣೆ ಒರೆಸುವ ಬಟ್ಟೆಯನ್ನೂ ಕಚ್ಚಿ ಹಿಡಿಯುತ್ತದೆ. ಮಳೆಗಾಲದಲ್ಲಿ ಬ್ಲಾಸ್ಟ್ ಮಾಡಿಸಿ ಸಂಜೆ ತನಕ ಬಿಟ್ಟರೆ ಫ್ರೇಮು ಕೇಸರಿ ಆಗಿರುತ್ತದೆ. ಮರಳು ಬಳಸುವ ಶೆಡ್ಡಿನ ಹತ್ತಿರ ನಿಲ್ಲಬೇಡಿ, ಆ ಧೂಳು ಪುಪ್ಪುಸಕ್ಕೆ ವಿಷ.

ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಗುಳ್ಳೆ ಎದ್ದ ಮೇಲೆ ಕೆರೆದು, ಉಳಿದದ್ದನ್ನು ರೇಗ್ಮಾಲಿನಿಂದ ಉಜ್ಜುವುದು ನಿಧಾನದ ದಾರಿ. ನನಗೆ ಎರಡು ಶನಿವಾರ, ಎರಡು ಭಾನುವಾರ ಹಿಡಿಯಿತು. 120 ನಂಬರಿನ ಒರಟು ಕಾಗದದಿಂದ ಶುರು ಮಾಡಿ 220, ಆಮೇಲೆ ನುಣುಪಾದ 400. ಹಳೆಯ ಫ್ರೇಮುಗಳಲ್ಲಿ ಬಣ್ಣದ ಕೆಳಗೆ ಕಡುಬೂದು ಫಾಸ್ಫೇಟ್ ಪದರ ಸಿಗಬಹುದು. ಅದು ರಿಮೂವರಿಗೆ ಜಗ್ಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಹಳೆಯ ಎನಾಮಲ್ಲಿನಲ್ಲಿ ಸೀಸ ಇರಬಹುದಾದ್ದರಿಂದ ನೀರು ಹಾಕಿಕೊಂಡೇ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ. ಮನೆಗೆ ಹಚ್ಚುವ ಬಣ್ಣಕ್ಕೇ ನಮ್ಮ ದೇಶದಲ್ಲಿ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಅಂತ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಪ್ಪನ ಸೈಕಲ್ಲು ಅದಕ್ಕಿಂತ ಎಷ್ಟೋ ಹಿಂದಿನದು.

ಗ್ರೈಂಡರ್ ಮಾತ್ರ ಹಿಡಿಯಬೇಡಿ. ಗೇಟ್ ಮಾಡುವ ಹುಡುಗರು "ಐದ್ ಮಿನಿಟ್ ಕೆಲ್ಸಾರಿ" ಅನ್ನುತ್ತಾರೆ, ಐದು ಮಿನಿಟಿನಲ್ಲಿ ಲಗ್ಗಿನ ತೆಳು ಅಂಚನ್ನೂ ಪೈಪಿನ ದಪ್ಪವನ್ನೂ ತಿಂದುಹಾಕುತ್ತಾರೆ. ಫ್ರೇಮ್ ನಂಬರು ಎಲ್ಲಿದೆ ನೋಡಿಕೊಳ್ಳಿ, ಸಾಮಾನ್ಯವಾಗಿ ಸೀಟಿನ ಕೆಳಗಿನ ಲಗ್ಗಿನ ಮೇಲೋ ಪೆಡಲ್ ಗೂಡಿನ ತಳದಲ್ಲೋ ಒತ್ತಿರುತ್ತದೆ. ಅದು ಅಳಿಸಿದರೆ ನಾಳೆ ಸೈಕಲ್ಲು ಕಳೆದರೆ ನಮ್ಮದು ಅನ್ನಲು ಗುರುತೇ ಇಲ್ಲ. ಬಣ್ಣ ಹೋದ ಮೇಲೆ ಲಗ್ಗಿನ ಹತ್ತಿರ ಕೂದಲೆಳೆಯಂಥ ಬಿರುಕು ಕಂಡರೆ ಈ ಲೇಖನ ಅಲ್ಲಿಗೇ ಬಿಟ್ಟು ಬೆಸುಗೆಯವರ ಹತ್ತಿರ ಹೋಗಿ.

ಕ್ಲಿಯರ್ ಕೋಟ್: ನಾನು ಸೋತ ದಾರಿ

ಕ್ಲಿಯರ್ ಅಂದರೆ ಬಣ್ಣವಿಲ್ಲದ, ಅಡಿಯ ಲೋಹ ಕಾಣುವ ಲೇಪ. ಅದರಲ್ಲಿ ಮೂರು ಬಗೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ, ಕಾರಿಗೆ ಹೊಡೆಯುವ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರಿಥೇನ್) ಕ್ಲಿಯರ್, ಒಲೆಯಲ್ಲಿ ಬೇಯಿಸುವ ಕ್ಲಿಯರ್ ಪೌಡರ್.

ಸ್ಪ್ರೇ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ, ಚೈನ್ ತಾಗಿದರೆ ಏಳುತ್ತದೆ. ಶೋಕೇಸಿನಲ್ಲಿ ಇಡುವುದಿದ್ದರೆ ಸಾಕು.

ಪಿಯು ಕ್ಲಿಯರ್ ಗಟ್ಟಿ, ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ. ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನವರು ಒಂದು ಕಾರಿನ ಜೊತೆಗೇ ನಿಮ್ಮ ಫ್ರೇಮಿಗೂ ಹೊಡೆದು ಕೊಡುತ್ತಾರೆ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಕೆಟ್ಟದ್ದು, ಮನೆ ಅಂಗಳದಲ್ಲಿ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಸಾಹಸ ಬೇಡ. ಅಸಲಿ ತೊಡಕು ಬೇರೆ ಇದೆ: ಉಕ್ಕಿಗೆ ಕನ್ನಡಿಯಂತೆ ಪಾಲಿಶ್ ಕೊಟ್ಟಷ್ಟೂ ಕ್ಲಿಯರಿಗೆ ಹಿಡಿತ ಕಡಿಮೆ. ಹೊಳಪೂ ಬೇಕು, ಅಂಟಬೇಕೂ ಅಂದರೆ ಆಗದು. 220-320ರ ಗೆರೆ ಉಳಿಸಿ ಹೊಡೆಸಿದರೆ ನಡುವಿನ ದಾರಿ.

ನಾನು ಹೋದದ್ದು ಪೌಡರಿಗೆ. ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಅಲ್ಮಾರಿ, ಗ್ರಿಲ್ಲು, ಗೇಟು ಬೇಯಿಸುವ ಒಂದು ಶೆಡ್. ಅವರದು ಏಳು ತೊಟ್ಟಿಯ ಪದ್ಧತಿ: ಜಿಡ್ಡು ತೆಗೆಯುವ ತೊಟ್ಟಿ, ನೀರು, ಆಸಿಡ್, ನೀರು, ಫಾಸ್ಫೇಟ್, ಹೀಗೆ ಮುಳುಗಿಸುತ್ತ ಹೋಗುತ್ತಾರೆ, ಕೊನೆಗೆ ಪುಡಿ ಹಾರಿಸಿ 180-200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಹಿತ್ತಾಳೆ ಬೆಸುಗೆಗೆ ಆ ಕಾವು ಏನೂ ಮಾಡದು, ಅದು ಕರಗಲು 900 ಡಿಗ್ರಿಯ ಆಸುಪಾಸು ಬೇಕು. ತೊಂದರೆ ಇರುವುದು ತೊಟ್ಟಿಗಳಲ್ಲಿ. ಫಾಸ್ಫೇಟ್ ತೊಟ್ಟಿಗೆ ಇಳಿಸಿದರೆ ಉಕ್ಕು ಬೂದಿ ಬಳಿದಂತಾಗುತ್ತದೆ, ನಾವು ಕಷ್ಟಪಟ್ಟು ತೆಗೆದ ಪದರವೇ ಮರಳಿ ಬಂದ ಹಾಗೆ. ಅದನ್ನು ಬಿಡಿ ಅಂದೆ. "ಬಿಡ್ತೀವ್ರಿ, ಆದ್ರ ಗ್ಯಾರಂಟಿ ಕೇಳಬ್ಯಾಡ್ರಿ" ಅಂದರು. ನ್ಯಾಯವಾದ ಮಾತು. ಕೋಟಿಂಗ್ ಉಕ್ಕನ್ನು ಕಚ್ಚಿ ಹಿಡಿಯುವಂತೆ ಮಾಡುವುದೂ, ಗೀರು ಬಿದ್ದರೂ ಜಂಗು ಹರಡದಂತೆ ತಡೆಯುವುದೂ ಆ ಫಾಸ್ಫೇಟೇ.

ಮನೆಗೆ ತಂದ ದಿನ ಸೈಕಲ್ಲು ಆಗ ತಾನೇ ನೀರಿನಿಂದ ಎದ್ದಂತಿತ್ತು. ಅಪ್ಪ ಕೂಡ ಕನ್ನಡಕ ಹಾಕಿಕೊಂಡು ನೋಡಿದರು. ಆಗಸ್ಟಿನಲ್ಲಿ ಕೆಳಪೈಪಿಗೆ ಕಲ್ಲು ಸಿಡಿದು ಸಾಸಿವೆಯಷ್ಟು ಕ್ಲಿಯರ್ ಎದ್ದಿತು. ಅಕ್ಟೋಬರ್ ಹೊತ್ತಿಗೆ ಆ ಸಾಸಿವೆಯಿಂದ ಕಂದು ದಾರಗಳು ಹೊರಟಿದ್ದವು. ಹುಳು ತಿಂದ ಎಲೆಯಲ್ಲಿ ಗೆರೆ ಇರುತ್ತದಲ್ಲ, ಹಾಗೆ ಕ್ಲಿಯರಿನ ಅಡಿಯಲ್ಲಿ ಸುತ್ತಿ ಸುತ್ತಿ ಹರಿಯುತ್ತ, ಒಂದನ್ನೊಂದು ದಾಟದೆ ತಿರುಗುತ್ತ ಹೋಗಿದ್ದವು. ಇದಕ್ಕೆ ಫಿಲಿಫಾರ್ಮ್ ಕೊರೋಷನ್ ಅನ್ನುತ್ತಾರೆ. ದಾರದ ತಲೆಯಲ್ಲಿ ಹುಳಿಯ, ಉಪ್ಪಿನ ಸಣ್ಣ ಹನಿ ಇರುತ್ತದೆ, ಅದು ಉಕ್ಕನ್ನು ತಿನ್ನುತ್ತ ಮುಂದೆ ಸರಿಯುತ್ತದೆ. ಬಾಲದಲ್ಲಿ ಒಣ ಜಂಗು ಉಳಿಯುತ್ತದೆ. ಗಾಳಿಯ ತೇವ ಶೇ 65ರಿಂದ 95ರ ನಡುವೆ ಇರುವಾಗ ಅದಕ್ಕೆ ಹಬ್ಬ. ಬಣ್ಣದ ಕೆಳಗೂ ಇದು ಆಗುತ್ತದೆ, ಆದರೆ ಬಣ್ಣದಡಿ ಪ್ರೈಮರ್ ಅಡ್ಡ ನಿಲ್ಲುತ್ತದೆ, ಆದದ್ದೂ ಕಾಣುವುದಿಲ್ಲ. ಕ್ಲಿಯರ್ ಗಾಜಿನ ಪೆಟ್ಟಿಗೆ ಇದ್ದ ಹಾಗೆ, ಒಳಗಿನ ರೋಗವೆಲ್ಲ ಪ್ರದರ್ಶನಕ್ಕೆ.

ಕಣ್ಣೆದುರಿಗೆ ಜಂಗು ಇದೆ, ಬೆರಳು ಇಟ್ಟರೆ ನುಣ್ಣಗಿನ ಪ್ಲಾಸ್ಟಿಕ್. ಒರೆಸಲು ಬರುವುದಿಲ್ಲ, ಉಜ್ಜಲು ಬರುವುದಿಲ್ಲ. ಒಂದೆಡೆ ಕೆರೆದು ತೇಪೆ ಹಾಕಿದರೆ ತೇಪೆಯ ಅಂಚಿನಿಂದ ಹೊಸ ದಾರ. ಸರಿ ಮಾಡಬೇಕೆಂದರೆ ಪೂರ್ತಿ ಸುಲಿಯಬೇಕು, ಬೆಂದ ಪೌಡರ್ ಎನಾಮಲ್ಲಿನಷ್ಟು ಸುಲಭಕ್ಕೆ ಮೇಲೇಳುವುದಿಲ್ಲ. ಎರಡನೇ ಸಲ ಸುಲಿಯುವಾಗ ನನ್ನ ಬೆರಳ ತುದಿಯ ಚರ್ಮವೂ ಸುಲಿದಿತ್ತು.

ಆದರೂ ಮನೆಯೊಳಗೆ ಇರುವ, ಮಳೆ ಕಂಡರೆ ಹೊರಗೆ ಬಾರದ, ಕಲ್ಲಿನ ದಾರಿ ತುಳಿಯದ ಸೈಕಲ್ಲಿಗೆ ಪಿಯು ಅಥವಾ ಪೌಡರ್ ವರ್ಷಗಟ್ಟಲೆ ಬಾಳುತ್ತದೆ. ಅಂಥ ಸೈಕಲ್ಲು ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ ಅನ್ನುವುದು ಬೇರೆ ಪ್ರಶ್ನೆ.

ಎಣ್ಣೆ ಮತ್ತು ಮೇಣ: ಈಗ ನಾನು ಇರುವ ದಾರಿ

ರೊಟ್ಟಿಗೆ ಅಗಸಿ ಹಿಂಡಿ (ಚಟ್ನಿಪುಡಿ) ಹಚ್ಚಿ ತಿನ್ನುವ ಊರಿನವರಿಗೆ ಅಗಸಿ ಎಣ್ಣೆಯ ಪರಿಚಯ ಹೇಳಬೇಕಾಗಿಲ್ಲ. ಎಣ್ಣೆಗಳಲ್ಲಿ ಇದರ ಗುಣವೇ ಬೇರೆ: ಗಾಳಿಯಲ್ಲಿನ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಅಡುಗೆಗೆ ಸಿಗುವ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿ, ಅದರಲ್ಲಿ ಬೇಗ ಒಣಗಿಸುವ ಮದ್ದು ಬೆರೆತಿರುತ್ತದೆ. ನಮ್ಮ ಕುಸುಬಿ ಎಣ್ಣೆಯೂ ಒಣಗುವ ಜಾತಿಯದೇ, ಆದರೆ ಅಗಸಿಗಿಂತ ಬಹಳ ನಿಧಾನ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅವು ಒಣಗುವುದಿಲ್ಲ, ಧೂಳು ಕುಡಿದು ಅಂಟು ಕೆಸರಾಗುತ್ತವೆ. ಇಂಜಿನ್ ಆಯಿಲ್ ಹಚ್ಚಿದ ಗೆಳೆಯನೊಬ್ಬ ಒಂದು ಬೇಸಿಗೆ ಪೂರ್ತಿ ಕರಿ ಪ್ಯಾಂಟನ್ನೇ ಹಾಕಬೇಕಾಯಿತು.

ಹಚ್ಚುವಾಗ ಎಲ್ಲರೂ ಮಾಡುವ ತಪ್ಪು ಒಂದೇ, ಹೆಚ್ಚು ಹಚ್ಚುವುದು. ಫ್ರೇಮನ್ನು ಥಿನ್ನರಿನಿಂದ ಒರೆಸಿ, ಬಿಸಿಲಿಗೆ ಒಂದು ಗಳಿಗೆ ಇಟ್ಟು ಬೆಚ್ಚಗೆ ಮಾಡಿ, ಹಳೆಯ ಪಂಚೆಯ ತುಂಡಿನಿಂದ ಎಣ್ಣೆ ಸವರಿ, ಹತ್ತು ಮಿನಿಟು ಬಿಟ್ಟು, ಏನೂ ಹಚ್ಚಿಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಿರಿ. ಉಳಿಯುವ ಆ ತೆಳು ಪೊರೆಯೇ ಸಾಕು. ಒಂದೆರಡು ದಿನ ಒಣಗಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಉಕ್ಕಿಗೆ ತುಸು ಜೇನಿನ ಬಣ್ಣ ಬರುತ್ತದೆ. ಕೆಲವರಿಗೆ ಅದು ಸೇರುವುದಿಲ್ಲ, ನನಗೆ ಇಷ್ಟ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಕಾವು ಹೊರಗೆ ಹೋಗಲಾಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮ 42 ಡಿಗ್ರಿಯ ಮೇ ತಿಂಗಳಲ್ಲಂತೂ ಕೇಳಲೇಬೇಡಿ. ಬಟ್ಟೆಯನ್ನು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಎಣ್ಣೆ ಗಟ್ಟಿಯಾದ ಮೇಲೆ ಮೇಣ. ಕಾರಿನ ವ್ಯಾಕ್ಸ್ ಆಗಬಹುದು, ಆದರೆ ಉಜ್ಜುಪುಡಿ ಬೆರೆತ ಕಾರ್ ಪಾಲಿಶ್ ತಂದರೆ ಎಣ್ಣೆಯ ಪೊರೆಯೇ ಹೋಗುತ್ತದೆ, ಡಬ್ಬಿ ಓದಿ ತನ್ನಿ. ಜೇನುಮೇಣ 62-65 ಡಿಗ್ರಿಗೆ ಕರಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದ ಫ್ರೇಮು ಕೈ ಸುಡುವಷ್ಟು ಕಾದಾಗ ಮೇಣ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಅದಕ್ಕೆ ನಾನು ಬೇಸಿಗೆಯಲ್ಲಿ ಎಣ್ಣೆಯೊಂದನ್ನೇ ನಂಬುತ್ತೇನೆ, ಮೇಣ ಹಚ್ಚುವುದು ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ.

ಇದಕ್ಕೂ ಜಂಗು ಹಿಡಿಯುತ್ತದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಅಲ್ಲೊಂದು ಇಲ್ಲೊಂದು ಕಂದು ಚುಕ್ಕಿ. ಸ್ಕಾಚ್‌ಬ್ರೈಟ್ ತುಂಡಿಗೆ ಎರಡು ಹನಿ ಎಣ್ಣೆ ಹಾಕಿ ಉಜ್ಜಿದರೆ ಚುಕ್ಕಿ ಹೋಯಿತು, ಮೇಲೆ ಮೇಣ ಸವರಿದರೆ ಕೆಲಸ ಮುಗಿಯಿತು, ಚಹಾ ಆರುವಷ್ಟರಲ್ಲಿ. ಮಳೆಯಲ್ಲಿ ನೆನೆದು ಬಂದ ದಿನ ಒಣಬಟ್ಟೆಯಿಂದ ಒರೆಸಿ, ಲಗ್ಗಿನ ಸಂದಿಗಳಿಗೆ ಡಬ್ಲ್ಯೂಡಿ-40 ಹೊಡೆಯುತ್ತೇನೆ. ಅದರ ಕೆಲಸ ನೀರನ್ನು ಹೊರದಬ್ಬುವುದು, ಅಷ್ಟಕ್ಕೇ ಅದು. ಅದೇ ಕಾವಲು ಅಂತ ನಂಬಿ ಕೂತರೆ ವಾರದಲ್ಲಿ ಮತ್ತೆ ಕಂದು.

ಇಷ್ಟು ಮಾಡಲು ನಿಮಗೆ ಆಗುತ್ತದೋ ಇಲ್ಲವೋ, ಪ್ರಾಮಾಣಿಕವಾಗಿ ಯೋಚಿಸಿ. ಬೈಕಿನ ಚೈನಿಗೆ, ಹೊಲಿಗೆ ಯಂತ್ರಕ್ಕೆ ವರ್ಷಕ್ಕೊಮ್ಮೆಯೂ ಎಣ್ಣೆ ಕಾಣಿಸದ ಮನೆಯಾದರೆ ಈ ದಾರಿ ನಿಮ್ಮದಲ್ಲ.

ಕಂದು ಬಿಡುವುದು, ಕಪ್ಪು ಮಾಡುವುದು

ಜಂಗು ಹಿಡಿಯಲಿ ಬಿಡಿ, ಅದೇ ಒಂದು ಬಣ್ಣ, ಮೇಲೆ ಎಣ್ಣೆ ಹಚ್ಚಿದರಾಯಿತು ಅನ್ನುವವರೂ ಇದ್ದಾರೆ. ನೋಡಲು ಗಂಭೀರವಾಗಿಯೇ ಇರುತ್ತದೆ. ಆದರೆ ತನ್ನ ಜಂಗಿನಿಂದಲೇ ತನ್ನನ್ನು ಕಾಯ್ದುಕೊಳ್ಳುವ ಕಾರ್‌ಟೆನ್ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಬೆರೆತಿರುತ್ತವೆ. ನಮ್ಮ ಕರಿ ಸೈಕಲ್ಲಿನದು ಸಾದಾ ಉಕ್ಕು, ಅದರ ಜಂಗು ಪುಡಿಯಾಗಿ ಉದುರಿ ಹೊಸ ಉಕ್ಕನ್ನು ಗಾಳಿಗೆ ಒಡ್ಡುತ್ತಲೇ ಇರುತ್ತದೆ. ಬಿಳಿ ಧೋತರ ಉಡುವ ಮಂದಿ ಇರುವ ಮನೆಯಲ್ಲಿ ಇದನ್ನು ಮಾಡಿದರೆ ಆಗುವ ಜಗಳ ಬೇರೆ.

ಇದಕ್ಕಿಂತ ನನಗೆ ಹಿಡಿಸಿದ್ದು ಅಳಲೆಕಾಯಿ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಅಳಲೆಯಲ್ಲಿ ಟ್ಯಾನಿನ್ ಹೇರಳ. ತೆಳುವಾಗಿ ಜಂಗು ಹಿಡಿದ ಉಕ್ಕಿಗೆ ಅದರ ಗಟ್ಟಿ ಕಷಾಯ ಬಳಿದರೆ ಕಂದು ಹೋಗಿ ನೀಲಿ ಮಿಶ್ರಿತ ಕಪ್ಪು ಬರುತ್ತದೆ. ಪೇಂಟ್ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಸಿಗುವ ಎಷ್ಟೋ ಡಬ್ಬಿಗಳಲ್ಲಿ ಇರುವುದೂ ಟ್ಯಾನಿಕ್ ಆಸಿಡ್ಡೇ. ಮೇಲೆ ಅಗಸಿ ಎಣ್ಣೆ. ಕಪ್ಪು ಉಕ್ಕಿನಲ್ಲಿ ಹಿತ್ತಾಳೆ ಗೆರೆ ಇನ್ನೂ ಎದ್ದು ಕಾಣುತ್ತದೆ.

ಈ ಕಪ್ಪು ಕಂಡವರೆಲ್ಲ ಬಿದ್ರಿ ನೆನೆಸುತ್ತಾರೆ, ಬೀದರಿನ ಸೋದರಮಾವ ಅಂತೂ ಫೋನ್ ಮಾಡಿ, "ಕೋಟಿ ಮಣ್ಣು ತಂದ ಕೊಡ್ತೀನಿ ತಗೋಪಾ, ಹಚ್ಚಿ ನೋಡು" ಅಂದರು. ಬೇಡ ಮಾಮಾ ಅಂದೆ. ಬಿದ್ರಿಯಲ್ಲಿ ಕಪ್ಪಾಗುವುದು ಸತು, ಅದಕ್ಕೆ ಹದಿನಾರರಲ್ಲಿ ಒಂದು ಪಾಲಿನಷ್ಟು ತಾಮ್ರ ಸೇರಿರುತ್ತದೆ. ಬೀದರ ಕೋಟೆಯ ಮಣ್ಣನ್ನು ನವಸಾಗರದ ನೀರಿಗೆ ಬೆರೆಸಿ ಕಾಯಿಸಿದಾಗ ಆ ಮಿಶ್ರಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆಯ ಕೈ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಕಲೆ ಅದು, ಅದರ ಮಣ್ಣಿಗೆ ಅದರದೇ ಲೋಹ ಬೇಕು. ಕಲಾಯಿಯವರ ಅದೇ ನವಸಾಗರ ಉಕ್ಕಿಗೆ ತಾಗಿದರೆ ರಾತ್ರಿ ಬೆಳಗಾಗುವುದರಲ್ಲಿ ಜಂಗು. ಆದರೆ ಮಾಮಾ ಹೇಳಿದ್ದರಲ್ಲಿ ಒಂದು ಸರಿ ಇತ್ತು, ಕಪ್ಪು ಲೋಹಕ್ಕೆ ಕಡೆಗೆ ಹೊಳಪು ಕೊಡುವುದು ಎಣ್ಣೆಯೇ.

ನಿಕಲ್, ಕ್ರೋಮ್

ಲೋಹದ ಹೊಳಪು ಬೇಕು, ಆರೈಕೆ ಬೇಡ ಅನ್ನುವವರಿಗೆ ಉಳಿದ ದಾರಿ ಲೋಹದ ಮೇಲೆ ಲೋಹ. ನಿಕಲ್ ಒಂದನ್ನೇ ಹಾಕಿಸಿದರೆ ತುಸು ಹಳದಿ ಛಾಯೆಯ, ಹಳೆಯ ತಾಟಿನಂಥ ಬೆಚ್ಚಗಿನ ಬಿಳುಪು. ಅದರ ಮೇಲೆ ಕ್ರೋಮ್ ಕೂರಿಸಿದರೆ ನೀಲಿ ಛಾಯೆಯ ಕನ್ನಡಿ, ಹ್ಯಾಂಡಲ್ಲಿನ ಹಾಗೆ. ಜಂಗು ತಡೆಯುವುದು ಅಡಿಯ ನಿಕಲ್, ಕ್ರೋಮ್ ಬರೀ ಮೇಲಿನ ತೆಳು ಗಟ್ಟಿ ಪದರ. ಆದ್ದರಿಂದ ನಿಕಲ್ ದಪ್ಪವಾಗಿ ಹಾಕಿಸಿ, ಕ್ರೋಮ್ ಬೇಕೋ ಬೇಡವೋ ಆಮೇಲೆ ನೋಡಿ. ನನ್ನ ಕಣ್ಣಿಗೆ ನಿಕಲ್ಲೇ ಚೆಂದ, ಹಿತ್ತಾಳೆಯ ಗೆರೆ ಮುಚ್ಚಿಹೋಗುತ್ತದೆ ಅನ್ನುವುದೊಂದೇ ಕೊರಗು.

ಪ್ಲೇಟಿಂಗ್ ಮಾಡಿಸಲು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಫ್ರೇಮು ಹೊತ್ತೊಯ್ಯುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಫ್ರೇಮಿನ ಪೈಪುಗಳಿಗೆ ಬೆಸುಗೆಯ ಗಾಳಿ ಹೋಗಲು ಬಿಟ್ಟ ಸಣ್ಣ ತೂತುಗಳಿರುತ್ತವೆ. ಆಸಿಡ್ ಅದರಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹೊರಗೆ ಕನ್ನಡಿ, ಒಳಗೆ ಗೆದ್ದಲು. ತೂತು ಮುಚ್ಚಿ ಮುಳುಗಿಸುತ್ತಾರೋ, ಮುಗಿದ ಮೇಲೆ ಸೋಡಾ ಪುಡಿ ಕರಗಿಸಿದ ನೀರಿನಿಂದ ಒಳಗೆಲ್ಲ ತೊಳೆಯುತ್ತಾರೋ ಕೇಳಿ. ಎರಡನೆಯದು ಸಾದಾ ಕರಿ ಸೈಕಲ್ಲಿಗೆ ಅನ್ವಯಿಸದು, ವಿದೇಶಿ ತೆಳುಪೈಪಿನ ರೇಸ್ ಫ್ರೇಮು ಇದ್ದವರಿಗೆ: ಆಸಿಡ್ ಮತ್ತು ಪ್ಲೇಟಿಂಗ್ ಎರಡರಲ್ಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ, ಬಲು ಗಟ್ಟಿ ಉಕ್ಕನ್ನು ಅದು ಗಾಜಿನಂತೆ ಪೆಡಸು ಮಾಡಬಲ್ಲದು. 190-200 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಿಸಿ ಅದನ್ನು ಹೊರಗೆ ಓಡಿಸುವ ಏರ್ಪಾಡು ಇಲ್ಲದ ಕಡೆ ಅಂಥ ಫ್ರೇಮು ಕೊಡಬೇಡಿ. ಖರ್ಚು ಹಳೆಯ ಸೈಕಲ್ಲಿನ ಬೆಲೆಯನ್ನೇ ದಾಟಿದರೆ ಆಶ್ಚರ್ಯ ಬೇಡ.

ಗೇಟಿನ ಹಾಗೆ ಗ್ಯಾಲ್ವನೈಸ್ ಮಾಡಿಸಿದರೆ ಹೇಗೆ ಅಂತ ಕೇಳುವವರಿಗೆ: 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಚ್ಚಿದ ಪೈಪು ಮುಳುಗಿಸಿದರೆ ಒಳಗಿನ ಗಾಳಿ, ತೇವ ಸಿಡಿಯುತ್ತದೆ. ಆ ಯೋಚನೆ ಬಿಡಿ.

ಇನ್ನು ಬೆಳ್ಳಿ ಬಣ್ಣದ ಪೇಂಟು. ಅಡಿಗೆ ಝಿಂಕ್ ಪ್ರೈಮರ್, ಮೇಲೆ ಬೂದು-ಬೆಳ್ಳಿ ಬಣ್ಣ. ಐದು ಅಡಿ ದೂರದಿಂದ ಬರೀ ಲೋಹವೇ ಅನಿಸುತ್ತದೆ. ದಿನಾ ಹಾಲು ಹಾಕುವ, ಪೇಪರ್ ಹಾಕುವ, ಶಾಲೆಯ ಹೊರಗೆ ಮಳೆಯಲ್ಲಿ ನಿಲ್ಲುವ ಸೈಕಲ್ಲಿಗೆ ಇದಕ್ಕಿಂತ ಮೇಲಾದದ್ದು ಇಲ್ಲ. ಹೇಳಿದರೆ ಯಾರೂ ಒಪ್ಪುವುದಿಲ್ಲ, ಅದಕ್ಕೆ ಮುಂದೆ ಹೋಗುತ್ತೇನೆ.

ಪೈಪಿನ ಒಳಗೆ

ಹೊರಗೆ ಏನು ಹಚ್ಚಿದರೂ ಫ್ರೇಮು ಸಾಯುವುದು ಹೆಚ್ಚಾಗಿ ಒಳಗಿನಿಂದ. ಸೀಟಿನ ಪಿಲ್ಲರ್ ಬದಿಯಿಂದ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಂತಿರುತ್ತದೆ. ಬಣ್ಣ ಇಳಿಸಿ ಎಲ್ಲ ಬಿಚ್ಚಿರುವಾಗಲೇ ಒಂದು ಕೈ ಅಗಸಿ ಎಣ್ಣೆಯನ್ನು ಸೀಟ್ ಪೈಪಿನಿಂದ ಒಳಗೆ ಸುರಿದು, ತೂತುಗಳಿಗೆ ಬೆಣೆ ಹೊಡೆದು, ಮಗುವನ್ನು ತೂಗುವ ಹಾಗೆ ಎಲ್ಲ ದಿಕ್ಕಿಗೂ ಹೊರಳಿಸಿ, ಹೆಚ್ಚಾದದ್ದನ್ನು ಬಸಿದು, ವಾರ ಬಿಡಿ. ಪಿಲ್ಲರಿಗೆ ಗ್ರೀಸ್ ಹಚ್ಚಿ ಕೂರಿಸಿ. ಗೂಡಿನ ತಳದಲ್ಲಿ ನೀರು ಬಸಿಯಲು ಸಣ್ಣ ತೂತು ಇದೆಯೋ ನೋಡಿ, ಮಣ್ಣು ಕಟ್ಟಿದ್ದರೆ ದಬ್ಬಣದಿಂದ ಬಿಡಿಸಿ. ಇದನ್ನು ಬಣ್ಣದ ಸೈಕಲ್ಲಿಗೂ ಮಾಡಬಹುದು, ಯಾರೂ ಮಾಡುವುದಿಲ್ಲ.

ಪೂರ್ತಿ ಫ್ರೇಮಿಗೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡಿ, ನಾನು ಎರಡನೇ ಸಲ ಸುಲಿದ ಮೇಲೆ ಮಾಡಿದ್ದು ಇದನ್ನು. ಗುಜರಿಯಿಂದ ಒಂದು ಮುರುಕು ಫ್ರೇಮಿನ ಪೈಪು ತಂದು ಗೇಣುದ್ದದ ನಾಲ್ಕು ತುಂಡು ಕೊಯ್ಯಿಸಿದೆ. ಒಂದಕ್ಕೆ ಪಿಯು ಕ್ಲಿಯರ್, ಒಂದಕ್ಕೆ ಎಣ್ಣೆ-ಮೇಣ, ಒಂದಕ್ಕೆ ಅಳಲೆಕಾಯಿ-ಎಣ್ಣೆ, ಒಂದಕ್ಕೆ ಏನೂ ಇಲ್ಲ. ನಾಲ್ಕಕ್ಕೂ ಮೊಳೆಯಿಂದ ಒಂದೊಂದು ಗೀರು ಹಾಕಿ ಜೂನ್ ಒಂದಕ್ಕೆ ಮಾಳಿಗೆಯ ಮೇಲೆ ತಂತಿಗೆ ಕಟ್ಟಿದೆ. ಉಸ್ತಾದರಿಗೆ ಸುದ್ದಿ ಮುಟ್ಟಿ, ತಾವೂ ಒಂದು ತುಂಡು ಕಳಿಸಿದರು, ಅಂಗಡಿಯ ಶಟರಿಗೆ ಹೊಡೆದು ಉಳಿದ ರೆಡ್ ಆಕ್ಸೈಡ್ ಮತ್ತು ಹಸಿರು ಎನಾಮಲ್ ಬಳಿದದ್ದು. ಅದಕ್ಕೂ ಗೀರು ಹಾಕಿ ಜೊತೆಗೇ ಕಟ್ಟಿದೆ.

ಅಕ್ಟೋಬರ್ ಮೊದಲ ವಾರ ಇಳಿಸಿದೆ. ಏನೂ ಹಚ್ಚದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಕೈಗೆ ಪುಡಿ ಹತ್ತುತ್ತಿತ್ತು. ಕ್ಲಿಯರಿನದು ಮುಕ್ಕಾಲು ಭಾಗ ಹೊಸದರಂತೆಯೇ ಇತ್ತು, ಗೀರಿನ ಎರಡೂ ಕಡೆ ಮಾತ್ರ ಅದೇ ಹಳೆಯ ದಾರಗಳು. ಎಣ್ಣೆ-ಮೇಣದ್ದರಲ್ಲಿ ಮೈತುಂಬ ಚುಕ್ಕಿ. ನಾಲ್ಕು ತಿಂಗಳು ನಾನು ಬೇಕೆಂದೇ ಮುಟ್ಟಿರಲಿಲ್ಲ. ಉಜ್ಜಿದೆ, ಹತ್ತು ಮಿನಿಟಿನಲ್ಲಿ ಹೋದವು. ಅಳಲೆಯದು ಗೀರು ಬಿಟ್ಟರೆ ಕಪ್ಪಗೇ ಇತ್ತು, ಅಂಚಿನಲ್ಲಿ ತುಸು ಕಂದು. ಐದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಉಸ್ತಾದರ ಮುಂದೆ ಸಾಲಾಗಿ ಇಟ್ಟೆ. ಒಂದೊಂದನ್ನೇ ಎತ್ತಿ ನೋಡಿದರು. ತಮ್ಮ ಹಸಿರು ತುಂಡನ್ನು ತಿರುಗಿಸಿದರು, ಗೀರಿನ ಗೆರೆಯೊಂದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಒಂದು ಮಾತೂ ಆಡದೆ ಅದನ್ನು ಪಾನಾಗಳ ನಡುವೆ ಮೊಳೆಗೆ ನೇತುಹಾಕಿ, ಮತ್ತೆ ಪ್ಯಾಚ್ ಒತ್ತಲು ಕೂತರು.